ಹೊಳೆ ದಾಟದ ದನಿ

೧೯೬೮ರಲ್ಲಿ ನಾನು ಏಳನೆಯ ಇಯತ್ತೆಯನ್ನು ಅರ್ಧಕ್ಕೆ ಬಿಟ್ಟೆ. ಅದೇ ವರ್ಷ ಇಂಡಿ ಊರಿನ ಬಜಾರದಲ್ಲಿ, ಮದುವೆಗೆ ಮೈಕ್ ಹಚ್ಚುವ ಚಾಚಾನ ಬಲಗಿವಿಯನ್ನು ನೋಡಿದೆ. ಮನುಷ್ಯನಿಗಿಂತ ಮೊದಲು ಆ ಕಿವಿಯೇ ಕಣ್ಣಿಗೆ ಬೀಳುತ್ತಿತ್ತು. ತಲೆಗೆ ಅಂಟಿಕೊಳ್ಳದೆ ಹೊರಗೆ ಚಾಚಿಕೊಂಡಿದ್ದ, ಅಂಚು ಕೆಂಪಾಗಿದ್ದ ಕಿವಿ. ಅದರ ಮಡಿಕೆಯಲ್ಲಿ ಅತ್ತರು ಅದ್ದಿದ ಹತ್ತಿಯ ಉಂಡೆ. ಏನನ್ನಾದರೂ ಲಕ್ಷ್ಯಗೊಟ್ಟು ಕೇಳಬೇಕಾದರೆ ಆ ಹತ್ತಿಯನ್ನು ತೆಗೆದು ಅಂಗಿಯ ಕಿಸೆಗೆ ಹಾಕಿ, ಕಿವಿಯ ಹಿಂದೆ ಅಂಗೈ ಹಿಡಿಯುತ್ತಿದ್ದರು. ಇಪ್ಪತ್ತು ವರ್ಷ ಹಾಗೆ ಹಿಡಿದೇ ಕಿವಿ ಮುಂದೆ ಬಂದಿದೆ ಎಂದು ಅವರ ಹೆಂಡತಿ ನಗುತ್ತಿದ್ದಳು.

ಸಾಲಿ ಬಿಟ್ಟದ್ದಕ್ಕೆ ನನಗೆ ಆಗಲೂ ನಾಚಿಕೆ ಇರಲಿಲ್ಲ, ಈಗಲೂ ಇಲ್ಲ. ಐದು ವರ್ಷ ಅಡತಿ ಅಂಗಡಿಯಲ್ಲಿ ಚೀಲ ಹೊತ್ತೆ. ಹೊತ್ತು ಉಳಿಸಿದ್ದರಲ್ಲಿ ಮೈಕಿನ ಎರಡು ಹಾರ್ನು ಕೊಂಡೆ. ಚಾಚಾನ ಎರಡು, ನನ್ನ ಎರಡು, ಒಟ್ಟು ನಾಲ್ಕಾಗಿ ನಾನು ಅವರ ಮೈಕ್ ಸೆಟ್ಟಿಗೆ ಪಾಲುದಾರನಾದೆ. ಆಳಲ್ಲ, ಪಾಲುದಾರ. ಇದನ್ನು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದೆ.

ಆ ಸೆಟ್ಟಿನಂಥದ್ದು ನಮ್ಮ ಇಂಡಿ, ಸಿಂದಗಿ ಸೀಮೆಯಲ್ಲಿ ಇನ್ನೊಂದಿರಲಿಲ್ಲ. ಇಬ್ಬರು ಹಿಡಿದು ಎತ್ತಬೇಕಾದ ವಾಲ್ವಿನ ಆಂಪ್ಲಿಫೈಯರ್. ವಾಲ್ವು ಕಾಯ್ದು ಕೆಂಪಗಾಗುವವರೆಗೆ ದನಿ ಇಲ್ಲ; ಕಾಯ್ದ ಮೇಲೆ ಹೊರ್ತಿ ಊರಿನಲ್ಲಿ ಹಚ್ಚಿದ ಸನಾದಿಯ ರೆಕಾರ್ಡು ಮೂರು ಹೊಲದಾಚೆ ಎತ್ತು ಹೂಡಿದವನಿಗೆ ಕೇಳಬೇಕು. ರೆಕಾರ್ಡು ತಿರುಗಿಸುವ ಯಂತ್ರಕ್ಕೆ ಚಾಚಾ ಸಾಗವಾನಿ ಪೆಟ್ಟಿಗೆಯನ್ನು ಕೈಯಾರೆ ಮಾಡಿ, ಒಳಗೆ ಹಳೆಯ ಕಂಬಳಿ ಹಾಸಿದ್ದರು. ರೆಕಾರ್ಡನ್ನು ಒರೆಸುತ್ತಿದ್ದದ್ದು ಮಗಳ ಹಳೆಯ ಲಂಗದ ತುಂಡಿನಿಂದ. ಬೇರೆ ಬಟ್ಟೆ ಮುಟ್ಟಿಸಗೊಡುತ್ತಿರಲಿಲ್ಲ.

ನಮ್ಮ ಕಡೆ ಮದುವೆ ಮನೆಯವರು ಮೈಕಿನವರಿಗೆ ಎಲೆಯಡಿಕೆ ಕೊಡುವಾಗ ಒಂದು ಮಾತನ್ನು ಮೆಲ್ಲಗೆ ಹೇಳುತ್ತಿದ್ದರು: ಒಂದು ಹಾರ್ನು ಇಂಥ ಊರಿನ ಕಡೆಗೆ ಇರಲಿ. ಆ ಊರಿನಲ್ಲಿ ಮಾತು ಬಿಟ್ಟ ಬೀಗರೋ ದಾಯಾದಿಯೋ ಇರುತ್ತಿದ್ದರು. ಬಾಯಿಬಿಟ್ಟು ಕರೆದರೆ ಕರೆದವನ ಮಾನ ಹೋಗುತ್ತದೆ, ಕರೆಯದೆ ಬಂದರೆ ಬಂದವನ ಮಾನ ಹೋಗುತ್ತದೆ. ಹಾರ್ನು ತನ್ನ ಕಡೆ ಮುಖ ಮಾಡಿದೆ ಎಂದು ತಿಳಿದವನು ಮಾತ್ರ ಬರಬಹುದಾಗಿತ್ತು. ಯಾಕೆ ಬಂದೆ ಎಂದು ಯಾರೂ ಕೇಳುತ್ತಿರಲಿಲ್ಲ. ಚಾಚಾ ಈ ಕೆಲಸವನ್ನು ಬೇರೆ ಯಾರ ಕೈಗೂ ಬಿಡುತ್ತಿರಲಿಲ್ಲ. ತಾವೇ ಮಾಳಿಗೆ ಹತ್ತಿ, ಗಾಳಿ ನೋಡಿ, ಹಾರ್ನಿನ ಮೂತಿಯನ್ನು ಬೆರಳಗಲ ಸರಿಸಿ ಕಟ್ಟುತ್ತಿದ್ದರು. ಊಟದ ಹೊತ್ತಿಗೆ ಯಾರೋ ಇಬ್ಬರು ತಲೆ ತಗ್ಗಿಸಿಕೊಂಡು ಹಂದರದೊಳಗೆ ಬಂದರೆ, ಚಾಚಾ ನನ್ನನ್ನು ಮೊಣಕೈಯಿಂದ ತಿವಿಯುತ್ತಿದ್ದರು.

ಚಾಚಾಗೂ ಮಾತು ಬಿಟ್ಟ ಒಬ್ಬ ಅಣ್ಣನಿದ್ದ. ಅಗರಖೇಡದ ಹೊಲದ ಬಾವಿಯ ನೀರಿನ ಪಾಳಿಗಾಗಿ ಜಗಳವಾಗಿ, ಒಬ್ಬರ ಹೊಸ್ತಿಲನ್ನು ಇನ್ನೊಬ್ಬರು ತುಳಿಯುವುದಿಲ್ಲ ಎಂದು ಇಬ್ಬರೂ ಆಣೆ ಇಟ್ಟಿದ್ದರು. ಅಣ್ಣ ಭೀಮಾ ಹೊಳೆಯಾಚೆ ಹೆಂಡತಿಯ ಊರಿಗೆ ಹೋದ. ಚಾಚಾ ಇಂಡಿಗೆ ಬಂದರು. ಮಗಳ ಮದುವೆಯನ್ನು ಮಾತ್ರ ಅಗರಖೇಡದ ಹಿರಿಯರ ಮನೆಯ ಮುಂದೆ ಮಾಡಿ, ನಾಲ್ಕೂ ಹಾರ್ನನ್ನು ಹೊಳೆಯ ಕಡೆ ಕಟ್ಟಬೇಕೆಂದು ಅವರ ಆಸೆ. "ಹಂದರಕ್ಕ ಹೊಸ್ತಿಲ ಇರೂದಿಲ್ಲ ನೋಡು" ಎನ್ನುತ್ತಿದ್ದರು. ಇದು ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಬರೆಯಲು ಬರುವುದಿಲ್ಲ.

ಸೆಟ್ಟು ದೊಡ್ಡದು, ಊರುಗಳಿಗೆ ಕರೆಂಟಿಲ್ಲ. ಮುದ್ದೇಬಿಹಾಳದ ಕಡೆ ಕೆಲಸ ಬಂದರೆ ಜನರೇಟರು ಬೇರೆ ಬಾಡಿಗೆಗೆ ತರಬೇಕು. ಬಸ್ಸಿನ ಮೇಲೆ ಏರಿಸುವಾಗ ಕಂಡಕ್ಟರ್, ನೀವು ಮದುವೆಗೆ ಹೊರಟಿರೋ ಊರು ಬಿಟ್ಟು ಹೊರಟಿರೋ ಎಂದು ದಿನಾ ಕೇಳುತ್ತಿದ್ದ. ಅಷ್ಟರಲ್ಲಿ ಚಡಚಣದವನೊಬ್ಬ ಬ್ಯಾಟರಿಯ ಸಣ್ಣ ಸೆಟ್ಟನ್ನು ಸೈಕಲ್ಲಿಗೆ ಕಟ್ಟಿಕೊಂಡು, ನಾವು ಒಂದು ಮದುವೆ ಮಾಡುವುದರಲ್ಲಿ ಮೂರು ಮಾಡಿ ಮುಗಿಸತೊಡಗಿದ. ಬಸ್ ಸ್ಟ್ಯಾಂಡಿನಲ್ಲಿ ನಮ್ಮನ್ನು ಕಂಡು, ನಾಲ್ಕು ಮಂದಿಗೆ ಕೇಳುವಂತೆ ಅಂದ: "ಬಿಜಾಪುರದ ಗುಮ್ಮಟ ಹೊತ್ಕೊಂಡು ತಿರಗ್ಯಾಡ್ತಾರ ನೋಡ್ರೆಪಾ." ಎಲ್ಲರೂ ನಕ್ಕರು. ಚಾಚಾನೂ ನಕ್ಕರು. ನನಗೆ ನಗು ಬರಲಿಲ್ಲ.

ಸೊಲ್ಲಾಪುರದ ಒಬ್ಬ ವ್ಯಾಪಾರಿ ನಮ್ಮ ದೊಡ್ಡ ಸೆಟ್ಟನ್ನು ತೆಗೆದುಕೊಂಡು ಬ್ಯಾಟರಿ ಸೆಟ್ಟು ಕೊಡಲು ಒಪ್ಪಿದ್ದ. ೧೯೭೬ರ ದೀಪಾವಳಿಯಿಂದ ಯುಗಾದಿಯವರೆಗೆ ಚಾಚಾ ಹೂಂ ಅನ್ನಲೂ ಇಲ್ಲ, ಊಹೂಂ ಅನ್ನಲೂ ಇಲ್ಲ. ಒಮ್ಮೆ ಅವರನ್ನು ಆ ವ್ಯಾಪಾರಿಯ ಅಂಗಡಿಗೆ ಕರೆದುಕೊಂಡು ಹೋದೆ. ಚಾಚಾ ಸಣ್ಣ ಸೆಟ್ಟನ್ನು ಹಚ್ಚಿಸಿ, ತಾವು ಓಣಿಯ ತುದಿಯವರೆಗೆ ನಡೆದು, ಹತ್ತಿ ತೆಗೆದು, ಅಂಗೈ ಹಿಡಿದು ನಿಂತರು. ವ್ಯಾಪಾರಿ ನನ್ನ ಮುಖ ನೋಡಿದ. ತಿರುಗಿ ಬಂದು ನನಗೆ ಮಾತ್ರ ಹೇಳಿದರು.

"ಇದು ಮಾತಾಡ್ತೈತಿ. ಕರಿಯೂದಿಲ್ಲ."

ನಾನು ಬಸ್ಸಿನಲ್ಲಿ ಲೆಕ್ಕ ಬಿಡಿಸಿ ಹೇಳಿದೆ: ಎತ್ತಿನ ಗಾಡಿ ಬೇಡ, ಜನರೇಟರ್ ಬೇಡ, ಬಸವನ ಬಾಗೇವಾಡಿಯವರೆಗೂ ನಾನೊಬ್ಬನೇ ಒಯ್ಯಬಲ್ಲೆ. ಮಗಳ ಮದುವೆಗೆ ಒಂದು ದಿನದ ಮಟ್ಟಿಗೆ ದೊಡ್ಡ ಸೆಟ್ಟನ್ನು ಎಲ್ಲಿಂದಾದರೂ ತರೋಣ, ಅದರ ಜಿಮ್ಮೆ ನನ್ನದು. ಅವರು ಕಿಡಕಿಯಾಚೆ ನೋಡುತ್ತ ಕೂತರು. ಸಿಟ್ಟು ಬಂದು ನಾನು, ಹಾಗಾದರೆ ನನ್ನ ಎರಡು ಹಾರ್ನು ನನಗೆ ಕೊಡಿ, ಬೇರೆ ಆಗೋಣ ಎಂದುಬಿಟ್ಟೆ.

ಅವರು ಕಿಡಕಿಯಿಂದ ಮುಖ ತಿರುಗಿಸಿ ಅಂದರು: "ಬ್ಯಾರೆ ಆಗೂದು ಬ್ಯಾಡ. ಒಮ್ಮೆ ಆಗಿ ನೋಡೇನಿ. ನೀ ಹೇಳಿದಂಗ ಆಗಲಿ."

ಸೆಟ್ಟು ಬದಲಾಯಿತು. ನಾನು ಹೇಳಿದ್ದು ಸುಳ್ಳಾಗಲಿಲ್ಲ. ಆ ಬೇಸಿಗೆಯಲ್ಲಿ ನಾವು ಹಿಂದಿನ ಎರಡು ವರ್ಷಗಳಷ್ಟು ಮದುವೆ ಮಾಡಿದೆವು. ಆದರೆ ಸೊಲ್ಲಾಪುರದಲ್ಲಿ ನಮ್ಮ ದೊಡ್ಡ ಸೆಟ್ಟನ್ನು ಕೊಂಡವನು ಆ ಚಡಚಣದವನೇ. ಅದನ್ನು ಜೀಪಿನಲ್ಲಿ ಹೇರಿಕೊಂಡು, ಬೇಕೆಂದೇ ಇಂಡಿಯ ಬಜಾರದೊಳಗಿಂದ ಹೋದ. ಗುಮ್ಮಟ ಈಗ ನಮ್ಮ ಮನೆಗೆ ಬಂತು ಎಂದು ಸಾರಿದನಂತೆ.

ಮುಂದಿನ ಚಳಿಗಾಲ ಮಗಳ ಮದುವೆ ಗೊತ್ತಾಯಿತು. ಚಾಚಾ ನನ್ನನ್ನು ಕರೆದು, ಚಡಚಣಕ್ಕೆ ಹೋಗಿ ಸೆಟ್ಟನ್ನು ಕೇಳಿಕೊಂಡು ಬಾ ಎಂದರು. ಹೋದೆ. ಅವನ ಅಂಗಡಿ ಬಸ್ ಸ್ಟ್ಯಾಂಡಿನಿಂದ ನೂರು ಹೆಜ್ಜೆ. ಹೋಟೆಲಿನಲ್ಲಿ ಕೂತು ಎರಡು ಚಹಾ ಕುಡಿದೆ. ಅಂಗಡಿಯ ಕಟ್ಟೆಯ ಮೇಲೆ ಅವನು ಕಾಲ ಮೇಲೆ ಕಾಲು ಹಾಕಿಕೊಂಡು ಕೂತದ್ದು ಕಾಣುತ್ತಿತ್ತು. ಹೋಗಿ ಕೇಳಿದರೆ ಅವನು ಏನನ್ನುತ್ತಾನೆ, ಸುತ್ತ ಕೂತವರು ಹೇಗೆ ನಗುತ್ತಾರೆ ಎಂಬುದೆಲ್ಲ ಕಿವಿಯಲ್ಲಿ ಕೇಳಿದಂತಾಯಿತು. ಬಂದ ಬಸ್ಸನ್ನೇ ಹತ್ತಿ ತಿರುಗಿ ಬಂದೆ. ಅವತ್ತಿನ ದಿನ ಸೆಟ್ಟು ಬೇರೆ ಕಡೆಗೆ ಗೊತ್ತಾಗಿದೆಯಂತೆ ಎಂದು ಚಾಚಾಗೆ ಹೇಳಿದೆ. ನಮ್ಮದನ್ನೇ ಎತ್ತರದ ಗಳಕ್ಕೆ ಕಟ್ಟಿದರೆ ಹೊಳೆ ದಾಟುತ್ತದೆ ಎಂದೂ ಹೇಳಿದೆ.

ಮದುವೆಯ ದಿನ ಗಳ ನೆಟ್ಟು ಕಟ್ಟಿದೆವು. ಚಾಚಾ ಮಗಳ ತಂದೆಯಾಗಿ ಹಂದರದಲ್ಲಿ ಕೂಡುವುದನ್ನು ಬಿಟ್ಟು, ನಿಕಾಹಕ್ಕೆ ಮೊದಲು ಹೊಳೆಯ ದಂಡೆಯವರೆಗೆ ನಡೆದು ಹೋದರು. ಹೊಸ ಅಂಗಿ, ತಲೆಗೆ ಜರದ ರುಮಾಲು. ದೂರದಿಂದ ನೋಡಿದೆ: ಕಿವಿಗೆ ಅಂಗೈ ಹಿಡಿದು ನಿಂತಿದ್ದಾರೆ. ತಿರುಗಿ ಬಂದಾಗ ಬೂಟಿಗೆ ಮೆತ್ತಿದ ಮಳಲನ್ನು ಜಾಡಿಸಿ, ಊಟಕ್ಕೆ ಮಂದಿಯನ್ನು ಕೂಡಿಸತೊಡಗಿದರು. ಹೊಳೆಯಾಚೆಯಿಂದ ಯಾರೂ ಬರಲಿಲ್ಲ.

ಮಳೆಗಾಲಕ್ಕೆ ಆಚೆಯಿಂದ ಅಣ್ಣನ ಮಗ ಬಂದ. ಅಣ್ಣ ತೀರಿಕೊಂಡಿದ್ದ. ಮಣ್ಣಿಗೆ ಹೋಗಲು ಆಣೆ ಅಡ್ಡ ಬರುವುದಿಲ್ಲ. ಚಾಚಾನ ಜೊತೆ ನಾನೂ ಹೋದೆ. ಎಲ್ಲ ಮುಗಿದ ಮೇಲೆ ಆ ಹುಡುಗ ಚಾಚಾನ ಪಕ್ಕ ಕೂತು, ಯಾರ ಮೇಲೂ ಸಿಟ್ಟಿಲ್ಲದೆ ಹೇಳಿದ.

"ಮದಿವಿ ದಿನ ಅಪ್ಪ ಒಗದ ಅಂಗಿ ಹಾಕ್ಕೊಂಡು ಮಾಳಿಗಿ ಮ್ಯಾಲ ಕುಂತಿದ್ದರಿ ಕಾಕಾ. ಹೊತ್ತ ಇಳಿಯೂತನಕ ಕುಂತಿದ್ದ. ನಿನಗರೆ ಮೈಕಿನ ದನಿ ಕೇಳತೈತೇನು ಅಂತ ನನ್ನ ನಾಕ ಸಲ ಕೇಳಿದ."

ದೋಣಿಯಲ್ಲಿ ತಿರುಗಿ ಬರುವಾಗ ನನಗೆ ಸುಮ್ಮನಿರಲು ಆಗಲಿಲ್ಲ. ಚಡಚಣದಲ್ಲಿ ನಾನು ಯಾರನ್ನೂ ಕೇಳಲಿಲ್ಲ, ಚಹಾ ಕುಡಿದು ಬಂದೆ ಎಂದು ಹೇಳಿದೆ. ಅಂಬಿಗ ಹುಟ್ಟು ಹಾಕುವುದನ್ನು ನಿಲ್ಲಿಸಿ ನನ್ನನ್ನು ನೋಡಿದ. ಚಾಚಾ ನೀರನ್ನೇ ನೋಡುತ್ತಿದ್ದರು. ಬೈಯುತ್ತಾರೆಂದು ಕಾದೆ. ಬೈದಿದ್ದರೆ ಇವತ್ತು ಇದನ್ನು ಬರೆಯುತ್ತಿರಲಿಲ್ಲವೇನೋ.

"ನಿನಗ ಆಗೂದಿಲ್ಲಂತ ಹೇಳಿದ್ದರ ನಾನ ಹೋಗಿ ಕೇಳ್ತಿದ್ದೆ" ಎಂದರು. "ಅವ ನಕ್ಕರ ನಗಲಿ. ನನಗೇನೂ ಆಗ್ತಿರಲಿಲ್ಲ."

ಅವರು ನನ್ನಿಂದ ಬೇರೆಯಾಗಲಿಲ್ಲ. ಇನ್ನೂ ಎರಡು ಮದುವೆ ಹಂಗಾಮು ಕೂಡಿಯೇ ದುಡಿದೆವು, ಒಂದೇ ಕಪ್ಪು-ಬಶಿಯ ಚಹಾವನ್ನೂ ಹಂಚಿಕೊಂಡೆವು. ಆದರೆ ಹಾರ್ನು ಎತ್ತ ಕಟ್ಟಲಿ ಎಂದು ನಾನು ಕೇಳಿದಾಗಲೆಲ್ಲ, ನಿನ್ನ ಮನಸ್ಸಿಗೆ ಬಂದತ್ತ ಕಟ್ಟು ಎಂದು ಕೆಳಗೇ ಕೂರುತ್ತಿದ್ದರು. ಒಮ್ಮೆ ಸಿಂದಗಿಯ ಹತ್ತಿರ ಒಬ್ಬ ಮುದುಕಿ, ಮಾತು ಬಿಟ್ಟ ಮಗನ ಊರಿನ ಕಡೆ ಹಾರ್ನು ತಿರುಗಿಸಿರೆಂದು ಕೈಮುಗಿದಳು. ಚಾಚಾ ಅವಳನ್ನು ಕೂಡಿಸಿ, ಇದರ ದನಿ ಅಲ್ಲಿಗೆ ಮುಟ್ಟುವುದಿಲ್ಲ ತಾಯಿ, ನಡೆದುಹೋಗಿ ಕರೆಯಿರಿ ಎಂದರು. ಅವಳು ಆ ಬಿಸಿಲಲ್ಲಿ ನಡೆದುಹೋದಳು. ನಾನು ಮಾಳಿಗೆಯ ಮೇಲೆ ತಂತಿ ಹಿಡಿದು ನಿಂತಿದ್ದೆ.

೧೯೮೦ರಲ್ಲಿ ಎದೆಯ ಬೇನೆಯಿಂದ ಅವರು ತೀರಿಕೊಂಡರು. ಕೊನೆಯ ವಾರ ಆಸ್ಪತ್ರೆಯಲ್ಲಿ ನಾನೇ ಇದ್ದೆ. ನೀರು ಕುಡಿಸಿದೆ, ಕಾಲು ಒತ್ತಿದೆ. ಮಾಡಿದ ತಪ್ಪು ಅದರಿಂದ ತೀರಿತು ಎಂದು ನಾನು ಅಂದುಕೊಂಡಿಲ್ಲ. ಒಂದು ಮುಂಜಾನೆ ಅವರ ಮಗಳು ಬಂದು, ತಂದೆಯ ತಲೆ ನೇವರಿಸಿ, ನನಗೂ ರೊಟ್ಟಿಯ ಗಂಟು ಕೊಟ್ಟಳು. ಅವಳಿಗೆ ಚಡಚಣದ ಸಂಗತಿ ಚಾಚಾ ಹೇಳಿರಲಿಲ್ಲ. ನಾನೂ ಹೇಳಿಲ್ಲ.

ದುಡಿಯುವುದನ್ನು ನಾನು ಬಿಡಲಿಲ್ಲ. ಈಗ ನನ್ನದು ಬಜಾರದಲ್ಲಿ ಸ್ವಂತ ಅಂಗಡಿ ಒಂದು. ಟೆಂಪೋ ಎರಡು, ಜನರೇಟರ್ ಮೂರು, ದೊಡ್ಡ ಸೆಟ್ಟು ನಾಲ್ಕು. ಕೆಲಸಕ್ಕೆ ಒಂಬತ್ತು ಮಂದಿ. ಪಾಲುದಾರ ಯಾರೂ ಇಲ್ಲ.