ಟೀಚರಮ್ಮ ಹೇಳಿದ ಸುಳ್ಳು

ಸಂತೆಯಲ್ಲಿ ಕುರಿಯ ವಯಸ್ಸು ಕೇಳಿದರೆ ನಮ್ಮಪ್ಪ ಒಂದು ವರ್ಷ ಇಳಿಸಿಯೇ ಹೇಳುತ್ತಿದ್ದ. ನಾನೂ ಆ ವಿಷಯದಲ್ಲಿ ಕಡಿಮೆಯವಳಲ್ಲ. ಆದರೆ ನಮ್ಮ ಮನೆಯ ಎಲ್ಲಕ್ಕಿಂತ ದೊಡ್ಡ ಸುಳ್ಳನ್ನು ಹೇಳಿದ್ದು ನಾವ್ಯಾರೂ ಅಲ್ಲ, ಎದುರು ಮನೆಯ ಟೀಚರಮ್ಮ. ಮಾನ್ವಿಯ ನಮ್ಮ ಓಣಿಯಲ್ಲಿ ಸುಳ್ಳೆಂದರೆ ಉರಿದು ಬೀಳುತ್ತಿದ್ದವರು ಅವರೊಬ್ಬರೇ.

ಅವರದು ಮುದಗಲ್ ಕಡೆಯ ಹಳೆಯ ಕ್ಯಾಥೊಲಿಕ್ ಮನೆತನ. ಕಾಲುವೆ ಕೆಲಸಕ್ಕೆಂದು ಬಂದ ಗಂಡ ಇಲ್ಲಿಯೇ ತೀರಿಕೊಂಡರು. ಇವರು ಶಾಲೆಯಿಂದ ನಿವೃತ್ತರಾದ ಮೇಲೂ ಊರಿಗೆ ಹಿಂದಿರುಗಲಿಲ್ಲ. ಬೆಳಿಗ್ಗೆ ಚರ್ಚಿಗೆ ಹೋಗಿ ಬಂದು ಕಟ್ಟೆಯ ಮೇಲೆ ಕೂತರೆಂದರೆ ರೇಷನ್ ಕಾರ್ಡಿನ ಅರ್ಜಿ, ದೂರದ ಮಗನ ಕಾಗದ, ಬಾಣಂತಿಯ ಜ್ವರ ಎಲ್ಲವೂ ಅಲ್ಲಿಗೇ ಬರುತ್ತಿದ್ದವು. ಒಂದು ವರ್ಷ ವಿಭೂತಿ ಬುಧವಾರ ಹಣೆಗೆ ಬೂದಿ ಹಚ್ಚಿಸಿಕೊಂಡು ಬಂದಾಗ, ಯಾವ ಮಠಕ್ಕೆ ಹೋಗಿದ್ದಿರಿ ಎಂದು ಕೇಳಿದ ಹೆಣ್ಣುಮಕ್ಕಳನ್ನು ಅರ್ಧ ಗಂಟೆ ನಿಲ್ಲಿಸಿಕೊಂಡು ಪಾಠ ಹೇಳಿದ್ದರು. ಉಪಕಾರವನ್ನೂ ಬೈಯುತ್ತಲೇ ಮಾಡುವ ಹೆಂಗಸು. ನಾನು ಟಿ.ಸಿ.ಎಚ್. ಮುಗಿಸಿ ಕಲ್ಲೂರಿನ ಶಾಲೆಗೆ ಶಿಕ್ಷಕಿಯಾಗಿ ಸೇರುವವರೆಗೆ ನನ್ನ ಪ್ರತಿಯೊಂದು ಅರ್ಜಿಯನ್ನೂ ತಿದ್ದಿದವರು ಅವರೇ, ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ ಎಂದು ಜರಿದವರೂ ಅವರೇ.

ಇದು ಎಂಬತ್ತರ ದಶಕದ ಮೊದಲ ವರ್ಷಗಳ ಮಾತು. ನಮ್ಮ ಅಜ್ಜಿಗೆ, ಅಂದರೆ ಅಪ್ಪನ ತಾಯಿಗೆ, ಒಂದು ಕಣ್ಣು ಸಣ್ಣಂದಿನಲ್ಲೇ ಸಿಡುಬಿಗೆ ಹೋಗಿತ್ತು. ಉಳಿದ ಇನ್ನೊಂದಕ್ಕೂ ಪೊರೆ ಬಂದು ನಾಲ್ಕೈದು ವರ್ಷಗಳಿಂದ ಬೆಳಕು, ಕತ್ತಲೆ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಕೈಯಂದಾಜಿನಲ್ಲಿ ಉಣ್ಣೆ ಹಿಂಜುತ್ತ ಕೂತಿರುತ್ತಿದ್ದಳು. ಟೀಚರಮ್ಮ ಓಣಿಗೆ ಬಂದದ್ದು ಅದರ ನಂತರವೇ, ಹಾಗಾಗಿ ಅಜ್ಜಿಗೆ ಅವರ ದನಿ ಗೊತ್ತಿತ್ತೇ ಹೊರತು ಮುಖ ಗೊತ್ತಿರಲಿಲ್ಲ. ರಾಯಚೂರಿನಲ್ಲಿ ಕಣ್ಣಿನ ಶಿಬಿರ ನಡೆಯುತ್ತದೆಂದು ತಿಳಿದದ್ದೇ ತಡ, ಟೀಚರಮ್ಮ ಸುತ್ತಲಿನ ಹಳ್ಳಿಗಳಿಂದ ಹನ್ನೊಂದು ಜನ ಮುದುಕರನ್ನು ಬಸ್ಸು ಹತ್ತಿಸಿದರು. ಬರುವುದಿಲ್ಲವೆಂದು ಹಟ ಹಿಡಿದ ಅಜ್ಜಿಯನ್ನು ಗದರಿಸಿ ಕಿಟಕಿಯ ಪಕ್ಕದಲ್ಲೇ ಕೂರಿಸಿದರು.

ಒಂದು ಶಾಲೆಯ ಕೋಣೆಗಳಲ್ಲಿ ಜಮಖಾನೆ ಹಾಸಿ ಶಿಬಿರ ಮಾಡಿದ್ದರು. ಆಪರೇಶನ್ ಆದ ಮೇಲೆ ಕಣ್ಣಿಗೆ ಪಟ್ಟಿ ಕಟ್ಟಿ ಅಂಗಾತ ಮಲಗಿಸಿದರು. ಬಗ್ಗಬಾರದು, ಕೆಮ್ಮಬಾರದು, ಎಲ್ಲಕ್ಕಿಂತ ಮುಖ್ಯವಾಗಿ ಅಳಬಾರದು. ಅತ್ತರೆ ಹೊಲಿಗೆ ಬಿಚ್ಚಿ ಕಣ್ಣು ಹೋಗುತ್ತದೆ, ಆಮೇಲೆ ನಮ್ಮ ಕೈಯಲ್ಲಿ ಏನೂ ಇಲ್ಲ ಎಂದು ಡಾಕ್ಟರು ಖಡಾಖಂಡಿತ ಹೇಳಿದ್ದರು. ಟೀಚರಮ್ಮ ಹನ್ನೊಂದು ಜನರ ನಡುವೆ ಚಾಪೆ ಹಾಕಿಕೊಂಡು ಅಲ್ಲಿಯೇ ಉಳಿದರು.

ಮೂರನೆಯ ದಿನ ಮಸರಕಲ್‌ನಲ್ಲಿ ಅಜ್ಜಿಯ ತಮ್ಮ ಸತ್ತ. ತಾಯಿಯಿಲ್ಲದ ಆ ತಮ್ಮನನ್ನು ಅಜ್ಜಿಯೇ ಸೊಂಟದ ಮೇಲೆ ಹೊತ್ತು ಬೆಳೆಸಿದ್ದಳು. ನಮ್ಮಲ್ಲಿ ತಮ್ಮ ಸತ್ತರೆ ಅಕ್ಕ ಬಂದು ಮುಖ ನೋಡಿ, ಹಾಡಿಕೊಂಡು ಅಳದೆ ಮಣ್ಣು ಮಾಡುವಂತಿಲ್ಲ. ಹೆಣ ಇಟ್ಟುಕೊಂಡು ಕಾಯುತ್ತೇವೆ, ಅಕ್ಕನನ್ನು ಕರೆತನ್ನಿ ಎಂದು ಮಸರಕಲ್‌ನಿಂದ ಆಳು ಬಂದ. ಅವ್ವ ಅವನ ಜೊತೆ ಹೊರಟಳು, ನಾನು ರಾಯಚೂರಿನ ಬಸ್ಸು ಹತ್ತಿದೆ.

ನನ್ನ ಮುಖ ನೋಡಿದ ಕೂಡಲೇ ಟೀಚರಮ್ಮ ಪಡಸಾಲೆಯಲ್ಲೇ ನನ್ನ ರಟ್ಟೆ ಹಿಡಿದು ನಿಲ್ಲಿಸಿದರು. ವಿಷಯ ಹೇಳಿದೆ. ಒಳಗೆ ಬಿಡುವುದಿಲ್ಲ ಎಂದರು. ನನಗೆ ಸಿಟ್ಟು ನೆತ್ತಿಗೇರಿತು. ನಮ್ಮ ಪದ್ಧತಿ ನಿಮಗೇನು ಗೊತ್ತು, ಅವಳ ತಮ್ಮನನ್ನು ಬಚ್ಚಿಡಲು ನೀವ್ಯಾರು ಎಂದು ಬಾಯಿಗೆ ಬಂದದ್ದೆಲ್ಲ ಅಂದೆ. ಅವರು ಪೂರ್ತಿ ಕೇಳಿಸಿಕೊಂಡರು.

"ಹೋದಾಂವ ಹೋದ. ಈಗ ಅತ್ರ ಇಕಿ ಕಣ್ಣೂ ಹೋಗ್ತದ. ಮಣ್ಣ ಮಾಡಾಕ ಹೇಳು ಹೋಗು. ಯಾರರ ಬೈದ್ರ ನನ್ನ ಹೆಸರ ಹೇಳು."

ಅಷ್ಟರಲ್ಲಿ ಒಳಗಿನಿಂದ ಅಜ್ಜಿ, ಯಾರು ಬಂದಾರ ಎಂದು ಕೇಳಿದಳು. ಟೀಚರಮ್ಮ ಎದೆಯ ಮೇಲಿನ ಜಪಸರವನ್ನು ಮುಷ್ಟಿಯಲ್ಲಿ ಹಿಡಿದುಕೊಂಡು, ನಿನ್ನ ಮೊಮ್ಮಗಳು ಬಂದಾಳ, ಊರಾಗ ಎಲ್ಲಾರೂ ಆರಾಮ ಅದಾರ ಎಂದರು. ನನ್ನ ಸಿಟ್ಟು ಅಲ್ಲಿಗೆ ಇಳಿಯಿತು ಎಂದರೆ ಸುಳ್ಳಾದೀತು, ಆದರೆ ಬಾಗಿಲಿನಿಂದಲೇ ಅಜ್ಜಿಗೆ ಒಂದು ಮಾತು ಕೂಗಿ ಹೇಳಿ ಬಸ್ಸಿಗೆ ಹೊರಟೆ.

ದೇವದುರ್ಗದ ಬಸ್ಸು ಹಿಡಿದು ಮಸರಕಲ್ ಮುಟ್ಟುವಾಗ ಸಂಜೆಯಾಗಿತ್ತು. ಅಕ್ಕನಿಲ್ಲದೆ ಮಣ್ಣು ಮಾಡಿದರು. ಬೈಗುಳವೆಲ್ಲ ನನ್ನ ಮೇಲೆಯೇ ಬಿತ್ತು. ಟೀಚರಮ್ಮನ ಹೆಸರು ಹೇಳಿದ್ದಕ್ಕೆ ಇನ್ನೊಂದಿಷ್ಟು ಹೆಚ್ಚೇ ಬಿತ್ತು. ಮರುದಿನ ಅವ್ವ ಶಿಬಿರಕ್ಕೆ ಹೋಗಿ ಅಜ್ಜಿಯನ್ನು ಮಾತಾಡಿಸಿ ಬಂದಳು.

ವಾರ ಕಳೆದು ಅಜ್ಜಿಯನ್ನು ಮಾನ್ವಿಗೆ ತಂದರೂ ಕನ್ನಡಕ ಕೊಡಲು ಇನ್ನೂ ಒಂದು ತಿಂಗಳ ಮೇಲಿತ್ತು. ಅಲ್ಲಿಯವರೆಗೆ ಅಳು ಕೂಡದು ಎಂಬ ಕಟ್ಟಪ್ಪಣೆಯೂ ಜೊತೆಗೇ ಬಂದಿತ್ತು. ಟೀಚರಮ್ಮ ಇಡೀ ಓಣಿಯ ಬಾಯಿ ಹೊಲಿದರು. ತಮ್ಮ ಯಾಕೆ ನೋಡಲು ಬರಲಿಲ್ಲ ಎಂದು ಅಜ್ಜಿ ಒಮ್ಮೆ ಕೇಳಿದಾಗ, ಕುರಿ ಹೊಡೆದುಕೊಂಡು ದೇವಸುಗೂರಿನ ಕಡೆ ಹೊಳೆದಂಡೆಗೆ ಹೋಗಿದ್ದಾನೆ ಎಂದರು. ಸತ್ತವನಿಂದ ಕುರಿ ಕಾಯಿಸಿದ ಅವರ ಧೈರ್ಯಕ್ಕೆ ನಾನು ದಂಗಾದೆ. ಅಜ್ಜಿ ಹೂಂ ಅಂದಳು. ಮತ್ತೆ ಕೇಳಲಿಲ್ಲ.

ಆ ದಿನಗಳಲ್ಲಿ ಟೀಚರಮ್ಮ ಸೊರಗಿದರು. ಕಾರಣವನ್ನು ಅವರೇ ನನಗೆ ಹೇಳಿದರು. ಪಾಪನಿವೇದನೆಗೆ ಹೋದಾಗ ಫಾದರ್, ಆ ಮುದುಕಿಗೆ ನಿಜ ಹೇಳಿಬಿಡಿ ಎಂದರಂತೆ. ಡಾಕ್ಟರು ಹೂಂ ಅನ್ನುವವರೆಗೆ ಆಗುವುದಿಲ್ಲ ಎಂದು ಇವರು ಅಲ್ಲಿಯೇ ವಾದಕ್ಕೆ ನಿಂತರಂತೆ. ಫಾದರ್ ಅಷ್ಟಕ್ಕೇ ಬಿಟ್ಟರೂ ಇವರು ತಮ್ಮನ್ನು ತಾವು ಕ್ಷಮಿಸಿಕೊಳ್ಳಲಿಲ್ಲ. ಸುಳ್ಳನ್ನು ಬಾಯಲ್ಲಿಟ್ಟುಕೊಂಡು ಪೂಜೆಯಲ್ಲಿ ಫಾದರ್ ಕೊಡುವ ಪರಮಪ್ರಸಾದ ತಗೊಳ್ಳುವುದು ಹೇಗೆ ಎಂದು ಭಾನುವಾರ ಭಾನುವಾರ ಎಲ್ಲರಿಗಿಂತ ಹಿಂದಿನ ಸಾಲಿನಲ್ಲಿ ಕೂತು ಹಾಗೆಯೇ ಮನೆಗೆ ಬರುತ್ತಿದ್ದರು. ದಿನಾ ಬೆಳಿಗ್ಗೆ ಚರ್ಚಿಗೆ ಹೋಗುವ ಹೆಂಗಸಿಗೆ ಇದೆಂಥ ಶಿಕ್ಷೆ ಎಂದು ನನಗೆ ಆಗ ಅರ್ಥವಾಯಿತು. ಅವತ್ತು ಪಡಸಾಲೆಯಲ್ಲಿ ಆಡಿದ ಮಾತಿಗೆ ನಾಚಿಕೆಯೂ ಆಯಿತು.

ಕನ್ನಡಕದ ದಿನ ನಾವು ಮೂವರೂ ರಾಯಚೂರಿಗೆ ಹೋದೆವು. ಸೋಡಾ ಬಾಟಲಿಯ ತಳದಷ್ಟು ದಪ್ಪ ಗಾಜು. ಡಾಕ್ಟರು ಅದನ್ನು ಅಜ್ಜಿಯ ಮೂಗಿನ ಮೇಲಿಟ್ಟರು. ಅಜ್ಜಿ ಮೊದಲು ತನ್ನ ಅಂಗೈ ನೋಡಿಕೊಂಡಳು, ಆಮೇಲೆ ನನ್ನನ್ನು, ಆಮೇಲೆ ಟೀಚರಮ್ಮನನ್ನು.

"ನೀ ಇಷ್ಟ ಮುದುಕಿ ಏನವ್ವಾ? ನಿನ್ನ ಬೈಗಳ ಕೇಳಿ ನಾ ಹರೇದಾಕಿ ಅಂದ್ಕೊಂಡಿದ್ದೆ."

ನನಗೆ ನಗು ತಡೆಯಲಾಗಲಿಲ್ಲ. ಟೀಚರಮ್ಮ ನಗಲಿಲ್ಲ. ಅವರಿಗೆ ಮುಂದಿನದರ ಚಿಂತೆ. ಆದರೆ ಅಜ್ಜಿ ಡಾಕ್ಟರ ಕಡೆ ತಿರುಗಿ ಮೆಲ್ಲಗೆ ಕೇಳಿದಳು.

"ಇನ್ನ ಅಳಬಹುದೇನ್ರೀ ಸಾಹೇಬ್ರ?"

ಡಾಕ್ಟರು ತಮಾಷೆಯೆಂದುಕೊಂಡರು. ಅಳಿರಿ, ನಗಿರಿ, ಕಣ್ಣು ಮಾತ್ರ ಉಜ್ಜಬೇಡಿರಿ ಎಂದರು. ಅಜ್ಜಿ ಎದ್ದು ಹೊರಗೆ ನಡೆದಳು. ಟೀಚರಮ್ಮ ಹಿಂದೆಯೇ ಓಡಿ, ಒಂದು ಮಾತು ಹೇಳಬೇಕಾಗಿತ್ತು ಯವ್ವಾ, ನಿನ್ನ ತಮ್ಮ, ಎಂದು ಅಲ್ಲಿಗೇ ತಡವರಿಸಿದರು.

"ಗೊತ್ತದ," ಎಂದಳು ಅಜ್ಜಿ. "ಕಣ್ಣಿಗೆ ಪಟ್ಟಿ ಇನ್ನೂ ಇದ್ದಾಗ ನನ್ನ ಸೊಸಿ ನೋಡಾಕ ಬಂದಿದ್ಲು. ತಲಿ ಮ್ಯಾಲ ಕೈ ಇಟ್ಟೆ. ಎಣ್ಣಿ ಇದ್ದಿಲ್ಲ."

ಸಾವಿನ ಮನೆಗೆ ಹೋಗಿ ಬಂದವರು ತಲೆಗೆ ನೀರು ಹಾಕಿಕೊಂಡು, ಮೂರು ದಿನದ ಕಾರ್ಯ ಮುಗಿಯುವವರೆಗೆ ಎಣ್ಣೆ ಹಚ್ಚುವುದಿಲ್ಲ. ಅವ್ವನೋ ದಿನಾ ಎಣ್ಣೆ ಸೋರುವ ಹಾಗೆ ತಲೆ ಬಾಚಿಕೊಳ್ಳುವವಳು. ಕಣ್ಣು ಕಟ್ಟಿದ ಅಜ್ಜಿಯ ಕೈಯನ್ನು ನಾವ್ಯಾರೂ ಲೆಕ್ಕಕ್ಕೆ ತಗೊಂಡಿರಲಿಲ್ಲ. ಅವ್ವ ಉಳಿದವರ ಆರೋಗ್ಯ ಹೇಳಿ ಅಜ್ಜಿಯ ತಮ್ಮನ ಸುದ್ದಿ ಮಾತ್ರ ಎತ್ತಲಿಲ್ಲವಂತೆ, ಅದರಿಂದ ಸತ್ತವರು ಯಾರೆಂಬುದೂ ಅಜ್ಜಿಗೆ ತಿಳಿಯಿತಂತೆ.

ಗೊತ್ತಿದ್ದೂ ಯಾಕೆ ಸುಮ್ಮನಿದ್ದೆ ಎಂದು ನಾನೇ ಕೇಳಿದೆ.

"ಇಕಿ ನನ್ನ ಬಾಜೂಕ ಕುಂತು ರಾತ್ರಿಯೆಲ್ಲಾ ದೇವರನ್ನ ಬೇಡ್ಕೊಳ್ಳಾಕತ್ತಿದ್ಲು. ನಾ ಅತ್ತು ಕಣ್ಣ ಕಳ್ಕೊಂಡ್ರ ಇಕಿ ಹೆಂಗ ಬದುಕ್ತಿದ್ಲು?"

ಇಷ್ಟು ಹೇಳಿ ಅಜ್ಜಿ ಗೇಟಿನ ಪಕ್ಕದ ಬೇವಿನ ಮರದ ಕಟ್ಟೆಗೆ ಕೂತು ತಮ್ಮನ ಹೆಸರು ಹಿಡಿದು ಹಾಡಿಕೊಂಡು ಅಳತೊಡಗಿದಳು. ಒಂದೂವರೆ ತಿಂಗಳು ಹಿಡಿದಿಟ್ಟದ್ದೆಲ್ಲ ಬಂತು. ಅವನು ಸಣ್ಣವನಿದ್ದಾಗಿನ ಹಟ, ಮದುವೆಯಲ್ಲಿ ಕಳೆದುಕೊಂಡ ರುಮಾಲು, ಎಲ್ಲವೂ ಬಂತು. ಟೀಚರಮ್ಮ ಅವಳನ್ನು ತಬ್ಬಿಕೊಂಡು ಅವಳಿಗಿಂತ ಜೋರಾಗಿ ಅತ್ತರು. ಜನ ಸೇರಿ, ಯಾರು ಹೋದರು, ಯಾವಾಗ ಹೋದರು ಎಂದು ನನ್ನನ್ನು ಕೇಳಿದರು. ಒಂದೂವರೆ ತಿಂಗಳಾಯಿತು ಎಂದೆ. ಅವರು ನಮ್ಮನ್ನು ವಿಚಿತ್ರವಾಗಿ ನೋಡಿದರು. ನನಗೆ ಎದೆಯ ಮೇಲಿನ ಬಂಡೆ ಇಳಿದಂತಾಗಿತ್ತು, ಯಾರು ಏನಾದರೂ ಅಂದುಕೊಳ್ಳಲಿ.

ಅಳುತ್ತಿದ್ದ ಅಜ್ಜಿ ನಡುವೆ ಒಮ್ಮೆ ತಟ್ಟನೆ ನಿಲ್ಲಿಸಿದಳು. ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡಳು. ಟೀಚರಮ್ಮನ ಗದ್ದ ಹಿಡಿದೆತ್ತಿ ಆ ಮುಖವನ್ನು ಹತ್ತಿರದಿಂದ ನೋಡಿದಳು. "ಕಾಣಾಕತ್ತದ," ಎಂದಳು. ಆಮೇಲೆ ಬಿಟ್ಟಲ್ಲಿಂದ ಮತ್ತೆ ಅಳತೊಡಗಿದಳು.