ಬಸ್ಸಿನ ಬೆನ್ನು ಹತ್ತಿದ ಮಾವನವರು

ನನ್ನ ಮದುವೆಯಾದ ವರ್ಷದ ನಾಗರ ಪಂಚಮಿ. ಬೆಟಗೇರಿಯ ಗಂಡನ ಮನೆಯಿಂದ ಮೊದಲ ಸಲ ಹಬ್ಬಕ್ಕೆಂದು ತವರೂರು ಕೊರ್ಲಹಳ್ಳಿಗೆ ಹೊರಟಿದ್ದೆ. ಕರೆಯಲು ಬರಬೇಕಿದ್ದ ತಮ್ಮನಿಗೆ ಜ್ವರ. ಯಜಮಾನರು ಊರಲ್ಲಿರಲಿಲ್ಲ. ನಮ್ಮೂರಿನ ಕೊನೆಯ ಬಸ್ಸು ಹೊರಡುವ ಹೊತ್ತಾಗಿತ್ತು, ಅದು ತಪ್ಪಿದರೆ ಹಬ್ಬವೂ ತಪ್ಪಿದಂತೆಯೇ. ಅಳುವುದೊಂದೇ ಬಾಕಿ.

ಮಗ್ಗದಿಂದೆದ್ದ ಮಾವನವರು ಸೈಕಲ್ ಹೊರಗೆಳೆದರು. “ಕುಂಡ್ರವಾ, ಬಿಟ್ಟು ಬರ್ತೀನಿ.” ಅರವತ್ತು ದಾಟಿದವರು, ಮೊಮ್ಮಕ್ಕಳನ್ನು ಕಂಡವರು. ಹರೆಯದಲ್ಲಿ ಸೈಕಲ್ ರೇಸಿನಲ್ಲಿ ಹೆಸರು ಮಾಡಿದ್ದರಂತೆ, ನಾನು ನಂಬಿರಲಿಲ್ಲ. ಕೇಳೋಣವೆಂದರೆ ಹೊಸ ಸೊಸೆ ಮಾವನೆದುರು ಬಾಯಿ ಬಿಡುವ ಪದ್ಧತಿ ನಮ್ಮಲ್ಲಿಲ್ಲ. ಅಲ್ಲಿಯತನಕ ಅವರೊಡನೆ ಒಂದು ಮಾತೂ ಆಡಿರಲಿಲ್ಲ. ತಲೆತುಂಬ ಸೆರಗು ಹೊದ್ದು, ಅತ್ತೆ ಕೊಟ್ಟ ಉಂಡಿ ಡಬ್ಬಿ ಅವುಚಿಕೊಂಡು ಹಿಂದೆ ಕುಳಿತೆ.

ಗದಗಿನ ನಿಲ್ದಾಣ ಮುಟ್ಟುವಷ್ಟರಲ್ಲಿ ಬಸ್ಸು ಮುಂಡರಗಿ ರಸ್ತೆ ಹಿಡಿದಿತ್ತು!

“ಗಟ್ಟಿ ಹಿಡ್ಕೋವಾ!” ಎಂದವರೇ ಮಾವನವರು ಬೆನ್ನು ಬಗ್ಗಿಸಿದರು. ಅಬ್ಬಬ್ಬಾ! ಆಟೊ, ಎಮ್ಮೆ, ತರಕಾರಿ ಗಾಡಿ ಎಲ್ಲ ಹಿಂದೆ ಬಿದ್ದವು. ಊರಾಚೆ ಕುರಿಹಿಂಡು ಅಡ್ಡ ಬಂದು ಬಸ್ಸು ನಿಂತಿತು. ಇನ್ನೇನು ಸಿಕ್ಕೇಬಿಟ್ಟಿತು ಅನ್ನುವಷ್ಟರಲ್ಲಿ ಕುರಿಗಳು ದಾಟಿ, ಬಸ್ಸು ಮತ್ತೆ ಹೊರಟಿತು. ಮಾವನವರ ಕಾಲು ಸೋತವು. “ಇನ್ನ ಆಗವಲ್ದವಾ” ಎಂದರು.

ನನಗೆ ಅದೇನಾಯಿತೋ! ಪದ್ಧತಿ ಗಿದ್ಧತಿ ಎಲ್ಲ ಮರೆತು ಕೂಗಿದೆ: “ಬಿಡಬ್ಯಾಡ್ರಿ ಮಾವಾರ! ಹೊಡೀರಿ, ಜೋರ್ ಹೊಡೀರಿ!”

ಸೈಕಲ್ ಚಂಗನೆ ಜಿಗಿಯಿತು. ಬಸ್ಸಿನ ಪಕ್ಕಕ್ಕೆ ಬಂದೆವು, ಅದನ್ನು ದಾಟಿಯೂ ಬಿಟ್ಟೆವು. ದಾಟಿದವರು ನಿಲ್ಲಲೇ ಇಲ್ಲ! ಗೆದ್ದ ಖುಷಿಯಲ್ಲಿ ಮಾವನವರು ನನ್ನನ್ನು ಬಸ್ಸು ಹತ್ತಿಸುವುದನ್ನೇ ಮರೆತಿದ್ದರು. “ನಿಂದರ್ರಿ ಮಾವಾರ, ನಾ ಬಸ್ ಹತ್ತಬೇಕ್ರೀ!” ಎಂದು ಮತ್ತೆ ಅರಚಬೇಕಾಯಿತು.

ಡ್ರೈವರ್ ಬಸ್ಸು ನಿಲ್ಲಿಸಿ, “ಏನ್ರೀ ಅಜ್ಜಾರ, ಬಸ್ಸಿನ ಕೂಡ ಪೈಪೋಟಿ ಏನ್ರೀ?” ಎಂದು ನಕ್ಕ. ನಾನು ನಾಚಿಕೆಯಿಂದ ಹಿಡಿಯಷ್ಟಾಗಿ ಸೀಟಿನಲ್ಲಿ ಕುಳಿತೆ. ನಡುರಸ್ತೆಯಲ್ಲಿ ಮಾವನಿಗೆ ಕೂಗಿದ ಸೊಸೆ! ಮನೆಯಲ್ಲಿ ತಿಳಿದರೆ ಗತಿಯೇನು?

ಮಾವನವರು ಏದುಸಿರು ಬಿಡುತ್ತ ಕಿಟಕಿಯ ಬಳಿ ಬಂದರು. ಕಣ್ಣು ತುಂಬಿದ್ದವು.

“ಅಷ್ಟ್ ರೇಸ್ ಹೊಡದೇನವಾ, ಮನಿಯವರು ಒಬ್ಬರೂ ನೋಡಾಕ ಬರ್ತಿದ್ದಿಲ್ಲ. ನಮ್ಮವರು ಅನ್ನೋರು ನನಗ ಒದರಿದ್ದು ಇವತ್ತ ಮೊದಲು.”

ಅಂದಿನಿಂದ ನಮ್ಮಿಬ್ಬರ ಮಾತಿಗೆ ತಡೆಯೇ ಇರಲಿಲ್ಲ. ಅವರು ತೀರಿಕೊಂಡು ಈ ಶ್ರಾವಣಕ್ಕೆ ವರ್ಷವಾಯಿತು. ಈಗ ನನ್ನ ಮಗಳು ಶಾಲೆಯ ಓಟಕ್ಕೆ ನಿಂತರೆ, ಎಷ್ಟೇ ಕೆಲಸವಿರಲಿ, ಬಿಟ್ಟು ಹೋಗುತ್ತೇನೆ. ಅವಳು ಕೊನೆಯಲ್ಲಿದ್ದರೂ ಸರಿ, ಗಂಟಲು ಹರಿಯುವಂತೆ ಅವಳ ಹೆಸರು ಕೂಗುತ್ತೇನೆ.