ಡಬ್ಬಿಯ ಬುಡದ ತೂತು

ಅವರ ಬಲಗೈ ಬೆರಳಗೆಣ್ಣುಗಳು ಜಡ್ಡುಗಟ್ಟಿ ಕರ್ರಗಾಗಿದ್ದವು. ಗೋಡೆ ಕೊರೆಯುವ ಮೊದಲು ಆ ಗೆಣ್ಣುಗಳಿಂದ ಬಡಿದು, ಕಿವಿ ಹಚ್ಚಿ ಕೇಳುತ್ತಿದ್ದರು. ಶಹಾಬಾದಿನ ಹಳೆಯ ಗೋಡೆಗಳು ಹೊರಗೆ ಕಲ್ಲು, ಒಳಗೆ ಮಣ್ಣು. ಎಲ್ಲೆಂದರಲ್ಲಿ ಉಳಿ ಇಟ್ಟರೆ ಕುಸಿಯುತ್ತವೆ. "ಡಾಕ್ಟರ್ ನೋಡಿದಂಗ ನೋಡ್ತೀರಲ್ರಿ" ಎಂದು ನಾನು ಚೇಷ್ಟೆ ಮಾಡಿದರೆ, "ಡಾಕ್ಟರ್ ತಪ್ಪಿದ್ರ ಒಬ್ರು ಹೋಗ್ತಾರ. ನಾ ತಪ್ಪಿದ್ರ ಮನಿ ಮಂದಿಯೆಲ್ಲ ಹೋಗ್ತಾರ್ರಿ ಮಾಸ್ತರ" ಎನ್ನುತ್ತಿದ್ದರು. ಭಂಕೂರಿನಿಂದ ಸೈಕಲ್ ಮೇಲೆ ಬರುತ್ತಿದ್ದ ಅವರು ಊರಿಗೆಲ್ಲ ವೈರ್‌ಮನ್ ಕಾಕಾ. ನನಗೂ ಕಾಕಾನೇ.

ನಮ್ಮ ಮನೆ ರಿಪೇರಿಯ ಹೊತ್ತಿಗೆ ಮೀಟರು, ಮೇನ್ ಸ್ವಿಚ್ಚು ಹೊರಗೋಡೆಗೆ ಬರಬೇಕಾಯಿತು. ಅವುಗಳ ಡಬ್ಬಿ ಉಬ್ಬಿಕೊಂಡಿರಬಾರದು, ಗೋಡೆಯೊಳಗೇ ಕೂರಬೇಕು ಎಂಬುದು ನನ್ನ ಹಟ. ಮುಂಗೋಡೆಗೆ ನುಣುಪು ಫರ್ಸಿಕಲ್ಲು ಹಚ್ಚಿಸುವವನಿದ್ದೆನಲ್ಲ! ಕಾಕಾ ಎರಡು ದಿನ ಕೂತು ಗೂಡು ಕೊರೆದರು. ಡಬ್ಬಿ ಕೂರಿಸಿ, ಅದರ ಬುಡಕ್ಕೆ ಕಿರುಬೆರಳಷ್ಟು ತೂತು ಹಾಕಿ, ಅಲ್ಲಿಂದ ಹೊರಕ್ಕೆ ಸಣ್ಣ ಕೊಳವೆ ಬಿಟ್ಟರು.

"ಹೊಸಾ ಡಬ್ಬಿಗಿ ತೂತ್ಯಾಕ್ರಿ ಕಾಕಾ?"

"ಎಷ್ಟ್ ಗಟ್ಟಿ ಮುಚ್ಚಿದ್ರೂ ನೀರು ಬರೋದು ಬರ್ತದ. ಬಂದಿದ್ದು ಹೋಗ್ಲಾಕ ದಾರಿ ಬ್ಯಾಡೇನ್ರಿ? ಇದೊಂದು ಮುಚ್ಚಬ್ಯಾಡ್ರಿ."

ಕಲ್ಲು ಹಚ್ಚಿದ ಮೇಲೆ ಆ ಕೊಳವೆಯ ಬಾಯಿ ನನ್ನ ಕಣ್ಣಿಗೆ ಚುಚ್ಚತೊಡಗಿತು. ಇರುವೆ ಸಾಲು ಬೇರೆ. ಒಂದು ರವಿವಾರ, ಮನೆಯಲ್ಲಿ ಯಾರೂ ಇಲ್ಲದಾಗ, ಉಳಿದಿದ್ದ ಬಿಳಿ ಸಿಮೆಂಟು ಕಲಸಿ ನಾನೇ ಅದನ್ನು ಮುಚ್ಚಿದೆ.

ನಮ್ಮ ಕಡೆ ಹಬ್ಬ ಬಂತೆಂದರೆ ಫರ್ಸಿ ಮನೆಯನ್ನು ಒಳಗೂ ಹೊರಗೂ ತೊಳೆಯುತ್ತಾರೆ. ಪಂಚಮಿಯ ಹಿಂದಿನ ದಿನ ಹೆಂಡತಿ ಪೈಪು ಹಿಡಿದು ಮುಂಗೋಡೆ ತೊಳೆದಳು. ಸ್ವಲ್ಪ ಹೊತ್ತಿಗೆ ಮನೆಯ ಕರೆಂಟು ಹೋಯಿತು. ಅವಳು ಡಬ್ಬಿಯ ಬಾಗಿಲು ತೆಗೆದು ಸ್ವಿಚ್ಚು ಎತ್ತಿದಳು. ಬುಡದಲ್ಲಿ ನೀರು ನಿಂತಿದ್ದ ಡಬ್ಬಿ ಬೆಂಕಿ ಉಗುಳಿ ಸಿಡಿಯಿತು. ಅವಳ ಮುಂಗೈ ಸುಟ್ಟಿತು.

ನಾವು ದವಾಖಾನೆಯಿಂದ ಬರುವಷ್ಟರಲ್ಲಿ ನೆರೆಯವರು ಬೇರೆ ವೈರ್‌ಮನ್ ಕರೆಸಿ, ಸುಟ್ಟ ಡಬ್ಬಿಯನ್ನು ಕೊಳವೆ, ಕಲ್ಲು ಸಮೇತ ಕೀಳಿಸಿ ಗುಜರಿಗೆ ಕೊಟ್ಟಿದ್ದರು. ಸುದ್ದಿ ಕೇಳಿ ಕಾಕಾ ಏದುಸಿರು ಬಿಡುತ್ತ ಬಂದಾಗ ಗೋಡೆಯಲ್ಲಿ ಬರೀ ಗೂಡು, ಎದುರಿಗೆ ಓಣಿಯ ಮಂದಿ. ಅವರಿಗೆಂದೂ ಏಕವಚನ ಬಳಸದ ನಾನು, "ಜೀವ ತಗೊಳ್ಳಾಕ ಬಂದಿದ್ದೇನು ನೀ ನಮ್ಮ ಮನಿಗಿ?" ಎಂದು ಕೂಗಾಡಿದೆ. ಅವರು ಗೂಡಿನೊಳಗೆ ಕೈಯಾಡಿಸಿದರು.

"ಬುಡಕ ತೂತ ಇಟ್ಟಿದ್ನಲ್ರೀ ಮಾಸ್ತರ?"

ಎಲ್ಲರೂ ನನ್ನ ಮುಖ ನೋಡಿದರು. ಕೈಗೆ ಪಟ್ಟಿ ಸುತ್ತಿಕೊಂಡ ಹೆಂಡತಿಯೂ.

"ಯಾವ ತೂತು? ತೂತೇ ಇದ್ದಿಲ್ಲ."

ಸಾಲಿ ಮಾಸ್ತರನ ಮಾತು, ಊರು ನಂಬಿತು. ಶಹಾಬಾದಿನಲ್ಲಿ, ಪಕ್ಕದ ವಾಡಿಯಲ್ಲಿ ಅವರನ್ನು ಕರೆಯುವವರು ಕಡಿಮೆಯಾದರು. ದಾರಿಯಲ್ಲಿ ಸಿಕ್ಕರೆ ಸೈಕಲ್ ಇಳಿದು, "ತಂಗಿ ಕೈ ಈಗ ಹ್ಯಾಂಗದರಿ?" ಎಂದು ಕೇಳುತ್ತಿದ್ದರು. ಬೈದಿದ್ದರೆ ಒಳ್ಳೆಯದಿತ್ತು. ನನಗೆ ನನ್ನ ಮೇಲೆಯೇ ಹೇಸಿಕೆಯಾಗುತ್ತಿತ್ತು. ಆದರೂ ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದು ದಿನ ದೂಡಿದೆ.

ಹೋದ ವರ್ಷ ಕಾಕಾ ತೀರಿಕೊಂಡರು. ಮಾತನಾಡಿಸಲು ಹೋದ ನನ್ನನ್ನು ಅವರ ಹೆಂಡತಿ, "ಬರ್ರಿ ಮಾಸ್ತರ, ಕುಂದ್ರಿ" ಎಂದು ಮರ್ಯಾದೆಯಿಂದ ಕೂರಿಸಿದರು.

"ಕಡೀತನಕ ನಿಮ್ಮ ಮನಿ ಡಬ್ಬಿನೇ ಅವರ ತಲ್ಯಾಗ ಇತ್ತು ನೋಡ್ರಿ. 'ತೂತ ಹಾಕೀನಿ ಅಂತ ಅನಸ್ತದ. ಆದ್ರ ಮಾಸ್ತರು ಸುಳ್ಳು ಹೇಳಂಗಿಲ್ಲ, ನಾನೇ ಮರ್ತಿರಬೇಕು' ಅಂತಿದ್ರು. ಆಮ್ಯಾಲ ಯಾರರೆ ಕರಿಲಾಕ ಬಂದ್ರೂ ಹೋಗ್ಲಿಲ್ಲ. ನನ್ನ ಕೈ ಮ್ಯಾಲ ನನಗ ಭರೋಸಾ ಇಲ್ಲ ಅಂದುಬಿಟ್ರು."

ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಆಕೆ ಚಹಾದ ಕಪ್ಪುಬಸಿಯನ್ನು ನನ್ನ ಮುಂದಿಟ್ಟು ಕೈಮುಗಿದರು.

"ಭಾಳ ದೊಡ್ಡ ತಪ್ಪು ಆಗ್ಯದ ಅವರ ಕಡಿಂದ. ಹೊಟ್ಯಾಗ ಹಾಕ್ಕೋರಿ."

"ಆಗಲಿ ಬಿಡ್ರಿ" ಎಂದೆ. ಚಹಾ ಕುಡಿದು, ಅವರನ್ನು ಕ್ಷಮಿಸಿ, ಎದ್ದು ಬಂದೆ.